ಗಾಳಿ ಹಿಂಡಿ ನೀರು ಕಾಯಿಸಿದ ನಮ್ಮ ಮಾವ

ನಮ್ಮ ಸೋದರಮಾವ ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಇನ್ನೊಂದಕ್ಕೆ ಮನಸೋತ ಎಂದರೆ ನೀವು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೀರಿ, ನನಗೆ ಗೊತ್ತು! ನಿರಾಸೆ ಮಾಡುವುದಕ್ಕೆ ಬೇಸರವೇ, ಆದರೂ ಹೇಳಿಬಿಡುತ್ತೇನೆ. ಅದು ಹೆಣ್ಣಲ್ಲ. ಒಂದು ಪೆಟ್ಟಿಗೆ. ಬಿಳಿ ಬಣ್ಣದ, ಆಳೆತ್ತರದ, ಹೊಟ್ಟೆಯೊಳಗೆ ಗುಂಯ್ ಎನ್ನುವ ಪೆಟ್ಟಿಗೆ. ಕಂಪನಿಯವರು ಅದಕ್ಕೆ ಇಟ್ಟ ಹೆಸರು ಹೀಟ್ ಪಂಪ್. ನಮ್ಮ ಓಣಿಯವರು ಇಟ್ಟ ಹೆಸರು ‘ಸಾವ್ಕಾರ್ರ ಎರಡನೇ ಸಂಬಂಧ’.

(ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಅವನ ಮೇಲೆ ಏನೋ ಸಿಟ್ಟಾಗಿದೆ ಎಂದೇ ಅರ್ಥ.)

ಅದು ಎಂಥ ಕಾಲ ಅಂತೀರಿ! ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಕಾಲ. ನಿನ್ನೆಯ ತನಕ ಸೈಕಲ್ ತುಳಿಯುತ್ತಿದ್ದವರು ಇವತ್ತು ಕರಿ ಗಾಜಿನ ಕಾರಿನಿಂದ ಇಳಿದು ‘ಆರಾಮ ಅದೀರಿ?’ ಎಂದು ಕೇಳುತ್ತಿದ್ದರು. ಹೊಸಪೇಟೆಯ ಮರಗಳೆಲ್ಲ ಕೆಂಪು, ನಾಯಿಗಳೆಲ್ಲ ಕೆಂಪು, ಬೆಳಿಗ್ಗೆ ಒಣಹಾಕಿದ ಬಿಳಿ ಧೋತರ ಸಂಜೆಗೆ ಕಾವಿ! ಊರಿನ ಅರ್ಧ ಗಂಡಸರು ತಮಗೇ ಗೊತ್ತಿಲ್ಲದೆ ಸನ್ಯಾಸಿಗಳಾಗಿದ್ದರು. ಎಲ್ಲರೂ ನೆಲ ಅಗೆದು ಏನು ಸಿಗುತ್ತದೆ ಎಂದು ನೋಡುತ್ತಿದ್ದಾಗ ನಮ್ಮ ಮಾವ ಮಾತ್ರ ಗಾಳಿಯಲ್ಲಿ ಕೈಯಾಡಿಸಿ ಇಲ್ಲೇನು ಸಿಗುತ್ತದೆ ಎಂದು ನೋಡುತ್ತಿದ್ದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಪೋರನ ವಯಸ್ಸು ಆಗ ಐವತ್ತೈದು ದಾಟಿತ್ತು, ಅಷ್ಟೇ.

ಅವನದೊಂದು ಅಕ್ಕಿ ಗಿರಣಿ ಕಂಪ್ಲಿಯಲ್ಲಿ. ವಾಸ ಮಾತ್ರ ಹೊಸಪೇಟೆಯಲ್ಲಿ, ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಪಕ್ಕದ ಮನೆಯಲ್ಲಿ. ನಾನು ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮಲಗುವುದಕ್ಕೆ ಮಾತ್ರ ನನ್ನ ಮನೆ, ಉಳಿದದ್ದಕ್ಕೆಲ್ಲ ಮಾವನ ಮನೆ. ಸಂಜೆ ಒಮ್ಮೊಮ್ಮೆ ಮಾವ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಡ್ಡಿರಾಂಪುರ ದಾಟಿ ಹಂಪಿಯ ಬಂಡೆಗಳ ಕಡೆ ಹೋಗುತ್ತಿದ್ದ. ಉಳಿದವರು ಅಲ್ಲಿಗೆ ಗುಡಿ ನೋಡಲು ಹೋಗುತ್ತಾರೆ, ಇವನು ಬಂಡೆ ಮುಟ್ಟಲು! ಸೂರ್ಯ ಮುಳುಗಿದ ಮೇಲೆ ಬಂಡೆಯ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದ. ನಾನೂ ಊರುತ್ತಿದ್ದೆ. ಬೆಳಕು ಹೋಗಿ ಎಷ್ಟೋ ಹೊತ್ತಾದರೂ ಕಲ್ಲಿನ ಒಳಗಿಂದ ಬೆಚ್ಚನೆಯ ಕಾವು ಬರುತ್ತಲೇ ಇರುತ್ತಿತ್ತು. ಕೈ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಗುತ್ತಿತ್ತು.

“ನೋಡ್ಲೇ, ಎಷ್ಟ್ ಬಿಸಿ ಸುಮ್ನ ಬಿದ್ದೈತಿ,” ಎನ್ನುತ್ತಿದ್ದ ಮಾವ, ನಿದ್ದೆಯಲ್ಲಿ ಮಾತಾಡಿದ ಹಾಗೆ. “ಯಾರರ ಒಬ್ರು ಬಂದು ತಗೊಂಡ್ ಹೋಗ್ತಾರೇನಂತ ದಾರಿ ಕಾಯಾಕತ್ತೈತಿ.”

“ಮಾಮಾ, ಬಿಸಿ ತಗೊಂಡು ಯಾರ್ ಏನ್ ಮಾಡ್ತಾರ? ನಮ್ಮೂರಾಗ ಎಲ್ರೂ ತಂಪು ಹುಡುಕ್ತಾರ.”

“ಹುಚ್ಚಿ! ಎರಡೂ ಒಂದ. ಇಲ್ಲಿಂದ ಬಿಸಿ ತಗದ್ರ ಇಲ್ಲಿ ತಂಪು, ಅಲ್ಲಿ ಬಿಸಿ. ತಗೀಯಾಕ ಬರಬೇಕಷ್ಟ.”

ಹೀಗೆ ಮಾತಾಡುವವನ ಮನೆಯಲ್ಲಿ ಬಿಸಿಗೆ ಕೊರತೆಯೇ? ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಗುಡ್ಡವೇ ಇತ್ತು. ಚೀಲ ಚೀಲ ಹೊಟ್ಟು ಮನೆಗೆ ಬರುತ್ತಿತ್ತು. ಹಿತ್ತಲ ಮೂಲೆಯ ಒಲೆಯ ಮೇಲೆ ಅತ್ತೆಯ ತವರಿನ ತಾಮ್ರದ ಹಂಡೆ. ಬೆಳಗಾಗುವ ಮುಂಚೆ ಅತ್ತೆ ಒಲೆಗೆ ಹೊಟ್ಟು ಸುರಿದು ಊದುಗೊಳವೆ ಹಿಡಿದು ಕೂತಳೆಂದರೆ ಹಿತ್ತಲು, ಬಚ್ಚಲು, ಪಕ್ಕದ ಮನೆಯ ತುಳಸಿಕಟ್ಟೆ ಎಲ್ಲ ಹೊಗೆಯಲ್ಲಿ ಮಾಯ! ಹೊಗೆಯ ನಡುವಿನಿಂದ ಕೇಳುತ್ತಿದ್ದದ್ದು ಒಂದೇ, ಅತ್ತೆಯ ಕೆಮ್ಮು. ಅವಳಿಗೆ ದಮ್ಮಿನ ಕಾಟ. ಹೊರಗೆ ಅದಿರಿನ ಧೂಳು, ಒಳಗೆ ಹೊಟ್ಟಿನ ಹೊಗೆ. ಧೂಳು ನಿಮ್ಮ ಕೈಯಲ್ಲಿಲ್ಲ, ಹೊಗೆಯನ್ನಾದರೂ ಬಿಡಿಸಿ, ಇಲ್ಲದಿದ್ದರೆ ಮುಂದೆ ಕಷ್ಟವಾಗುತ್ತದೆ ಎಂದು ಡಾಕ್ಟರು ಮಾವನಿಗೆ ಹೇಳಿಬಿಟ್ಟಿದ್ದರು.

ಹೇಳುವುದೇನೋ ಸುಲಭ! ಬಿಡಿಸುವುದು ಯಾರನ್ನು? ನಮ್ಮ ಅತ್ತೆಯನ್ನು!

ಮಾವ ಮೊದಲು ಗೀಸರ್ ತಂದ. ಯಾರಿಗೋ ಎಲ್ಲೋ ಶಾಕ್ ಹೊಡೆದ ಸುದ್ದಿ ಕೇಳಿದ್ದ ಅತ್ತೆ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಲಟ್ಟಣಿಗೆ ಹಿಡಿದು, ದೂರದಿಂದಲೇ ಅದರ ನಲ್ಲಿ ತಿರುಗಿಸಲು ನೋಡಿದಳು. ಎರಡನೆಯ ದಿನಕ್ಕೆ ನಲ್ಲಿ ಮುರಿಯಿತು. ಆಮೇಲೆ ಮಾಳಿಗೆಯ ಮೇಲೆ ಸೋಲಾರ್ ಬಂತು. ತಿಂಗಳೊಳಗೆ ಅದರ ಗಾಜಿನ ಮೇಲೆ ಸಂಡೂರಿನ ಅರ್ಧ ಗುಡ್ಡ ಬಂದು ಕೂತು, ನೀರು ಉಗುರುಬೆಚ್ಚಗೂ ಆಗಲಿಲ್ಲ. ಕೊನೆಗೆ ಒಲೆಗೇ ಎತ್ತರದ ಹೊಗೆಗೂಡು ಕಟ್ಟಿಸಿದ. ಹೊಗೆ ನೆಟ್ಟಗೆ ಹೋಗಿ ಎದುರು ಮನೆಯವರ ಮಾಳಿಗೆಯಲ್ಲಿ ಇಳಿಯಿತು. ಅವರು ಮೂರು ತಿಂಗಳು ಮಾತು ಬಿಟ್ಟರು.

ಇಂಥ ಹೊತ್ತಿನಲ್ಲಿ ಒಂದು ಮದುವೆ ಬಂತು. ಅದಿರು ಕೊಳ್ಳಲು ಬರುವ ಪರದೇಶದವರಿಗಾಗಿಯೇ ಕಟ್ಟಿದಂತಿದ್ದ ಹೊಸ ಹೋಟೆಲಿನಲ್ಲಿ. ಅಕ್ಷತೆ ಹಾಕುವಾಗ ಇದ್ದ ಮಾವ ಊಟದ ಹೊತ್ತಿಗೆ ಇಲ್ಲ! ಹುಡುಕಿ ಹುಡುಕಿ ಸೋತು, ಕೊನೆಗೆ ನಾನು ಮಾಳಿಗೆ ಹತ್ತಿದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಅಲ್ಲಿ ಒಂದು ಬಿಳಿ ಪೆಟ್ಟಿಗೆಯ ಮುಂದೆ ನಮ್ಮ ಮಾವ ರೇಷ್ಮೆ ಧೋತರ ಉಟ್ಟು, ತಲೆಯ ಪಟಗ ತೆಗೆದಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಪೆಟ್ಟಿಗೆಯಿಂದ ಬೀಸುವ ತಂಪು ಗಾಳಿ ಅವನ ಬಿಳಿ ಮೀಸೆಯನ್ನು ಅಲ್ಲಾಡಿಸುತ್ತಿದೆ. ಮುಖದಲ್ಲಿ ಸಮಾಧಿ ಸ್ಥಿತಿ.

“ಬಾ, ಕುಂದ್ರು,” ಎಂದ. “ಮುಂದ ತಂಪು ಗಾಳಿ ಬರ್ತೈತಿಲ್ಲ? ಈಗ ಹಿಂದಿನ ಪೈಪ್ ಮುಟ್ಟು.”

ಮುಟ್ಟಿದೆ. ಕೈ ಸುಟ್ಟಿತು!

“ಕರೆಂಟು ನೀರು ಮುಟ್ಟೂದಿಲ್ಲ, ಬೆಂಕಿ ಇಲ್ಲ, ಹೊಗಿ ಇಲ್ಲ. ಗಾಳ್ಯಾಗಿನ ಬಿಸಿ ಹಿಂಡಿ ನೀರಿಗೆ ಹಾಕ್ತೈತಿ. ಇಷ್ಟು ವರ್ಷ ನಾ ಹೇಳಿದ್ದ ಇದು, ಲೇ! ಯಾರೋ ಕೇಳಿಸ್ಕೊಂಡಾರ!” ಎಂದ ಮಾವನ ಕಣ್ಣು ತೇವವಾಗಿತ್ತು. ಆ ದಿನ ಅವನು ಮದುವೆಯ ಊಟ ಮಾಡಲಿಲ್ಲ. ಹೋಳಿಗೆಯ ಊಟ ಬಿಟ್ಟ ಎಂದರೆ ಎಷ್ಟರ ಮಟ್ಟಿಗೆ ಮನಸೋತಿದ್ದಾನೆ ಎಂದು ನನಗೆ ಅಲ್ಲೇ ಅರ್ಥವಾಯಿತು.

ಬೆಂಗಳೂರಿನಿಂದ ಪೆಟ್ಟಿಗೆ ಬಂತು. ಅದನ್ನು ಕೂರಿಸಲು ಬಂದವನು ಲಾರಿಯಿಂದ ಇಳಿದವನೇ ಬೆವರು ಒರೆಸಿಕೊಳ್ಳುತ್ತ ಕೇಳಿದ: “ಸಾರ್, ನಿಮ್ಮೂರಲ್ಲಿ ನಲ್ಲಿ ನೀರೇ ಕುದೀತಾ ಇದೆ. ಇದು ಯಾಕೆ ಸಾರ್ ನಿಮಗೆ?”

“ಬಿಸಿ ಎಲ್ಲಿ ಐತೋ ಅಲ್ಲೇ ಹಿಂಡಬೇಕಲ್ಲೇನಪಾ? ಹಾಲು ಬೇಕಂದ್ರ ಎಮ್ಮಿ ಹತ್ರ ಹೋಗ್ಬೇಕೋ, ಕೋಣದ ಹತ್ರಾನೋ?” ಎಂದ ಮಾವ. ಪಾಪ, ಅವನು ಪಾನಾ ಕೈಗೆತ್ತಿಕೊಂಡು ಕೆಲಸಕ್ಕಿಳಿದ. ಪೆಟ್ಟಿಗೆಯನ್ನು ಹಿತ್ತಲ ಪಡಸಾಲೆಯಲ್ಲಿ ಕೂರಿಸಿ, ಅದರ ತಂಪು ಗಾಳಿ ಹೊರಗೆ ಹೋಗಿ ಹಾಳಾಗಬಾರದೆಂದು ತಗಡಿನ ಕೊಳವೆಯೊಂದನ್ನು ಗೋಡೆ ಕೊರೆದು ನಡುಮನೆಗೆ ತಿರುಗಿಸಿದರು. ಮಾವ ಊಟ ನಿದ್ದೆ ಬಿಟ್ಟು ಪಕ್ಕದಲ್ಲೇ ನಿಂತಿದ್ದ. ಗಾಳಿಯ ಬಿಸಿ ಹೀರುವ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ಸಾಲನ್ನು ಬೆರಳ ತುದಿಯಿಂದ ಸವರಿ, “ಎಷ್ಟ್ ನಾಜೂಕು ಮಾಡ್ಯಾರಲೇ!” ಎಂದು ಉಸುರಿದ. ರಜೆಗೆ ಬಂದ ಮೊಮ್ಮಗುವಿನ ಕೂದಲು ಸವರುವಾಗಲೂ ಅವನು ಅಷ್ಟು ಮೆತ್ತಗಾದದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಅತ್ತೆಯನ್ನು ಕೂರಿಸಿಕೊಂಡು ಪಾಠ ಶುರುವಾಯಿತು. ಮಾವನ ಕೈಯಲ್ಲಿ ಒಂದು ಒದ್ದೆ ಅರಿವೆ.

“ನೋಡು, ಇದರೊಳಗ ಒಂದು ಗ್ಯಾಸ್ ಓಡ್ಯಾಡ್ತೈತಿ. ಅದನ್ನ ಈ ಅರಿವಿ ಅಂತ ತಿಳ್ಕೊ. ಸಡ್ಲ ಬಿಟ್ರ ಗಾಳ್ಯಾಗಿನ ಬಿಸಿ ಕುಡಿತೈತಿ. ಒಳಗ ಒಂದು ಮಷೀನ್ ಅದನ್ನ ಹಿಂಗ ಗಟ್ಟ್ಯಾಗಿ ಹಿಂಡ್ತೈತಿ. ಬಿಸಿಯೆಲ್ಲ ಸುರದು ನೀರಿಗೆ ಹೋಗ್ತೈತಿ. ಮತ್ತ ಸಡ್ಲ, ಮತ್ತ ಹಿಂಡು. ಒಂದು ಪಾಲು ಕರೆಂಟಿಗೆ ಮೂರು ಪಾಲು ಬಿಸಿ!”

ಅತ್ತೆ ಪೆಟ್ಟಿಗೆಯನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಕೇಳಿದ ಪ್ರಶ್ನೆಗೆ ಯಾವ ಎಂಜಿನಿಯರನೂ ಇವತ್ತಿನ ತನಕ ಉತ್ತರ ಕೊಟ್ಟಿಲ್ಲ.

“ಗಾಳ್ಯಾಗಿನ ಬಿಸಿ ಅಂದ್ರ ಯಾರ್ಯಾರ ಮೈ ಮುಟ್ಟಿ ಬಂದಿದ್ದೋ ಏನೋ! ರಸ್ತ್ಯಾಗ ಹೋಗೋ ಬರೋರ ಎಂಜಲ ಬಿಸಿ ನಾ ಯಾಕ ಹಾಕ್ಕೋಬೇಕ್ರಿ?”

ಮಾವನ ಕೈಯಲ್ಲಿದ್ದ ಅರಿವೆ ಕೆಳಗೆ ಬಿತ್ತು.

“ಮತ್ತ ಅದು ಹಂಡೇನೂ ಅಲ್ಲ,” ಎಂದು ಅತ್ತೆ ಮುಂದುವರಿಸಿದಳು. “ವರ್ಷಕ್ಕೊಮ್ಮೆ ಪೂಜಿ ಆಗದ ಹಂಡೇದ ನೀರು ನಮ್ಮ ಮನ್ಯಾಗ ಯಾರೂ ಮೈಮ್ಯಾಲ ಹಾಕ್ಕೊಂಡಿಲ್ಲ. ನೀವು ಬೇಕಾರ ಹಾಕ್ಕೋರಿ.” ಮರುದಿನ ಬೆಳಿಗ್ಗೆ ಮತ್ತೆ ಹೊಟ್ಟು, ಮತ್ತೆ ಊದುಗೊಳವೆ, ಮತ್ತೆ ಕೆಮ್ಮು.

ಆದರೆ ತಂಪು ಗಾಳಿಗೆ ಎಂಜಲಿನ ದೋಷ ಇರಲಿಲ್ಲವೋ ಏನೋ! ಮೇ ತಿಂಗಳು ಕಾಲಿಟ್ಟದ್ದೇ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ನಡುಮನೆಗೆ ಬಂದು ಕೊಳವೆಯ ಬಾಯಿಗೆ ಕೂರತೊಡಗಿದರು. ಅತ್ತೆಯದೇ ಮುಂದಾಳತ್ವ. ಎದುರು ಮನೆಯವರೂ ಮಾತು ಬಿಟ್ಟಿದ್ದನ್ನು ಬಿಟ್ಟು ಬಂದರು. ಒಂದು ತೊಡಕು ಮಾತ್ರ ಇತ್ತು. ನೀರು ಪೂರ್ತಿ ಕಾದ ಕೂಡಲೇ ಪೆಟ್ಟಿಗೆ ಗಪ್‌ಚಿಪ್! ಗಾಳಿ ಬಂದ್! ಮತ್ತೆ ತಂಪು ಬೇಕೆಂದರೆ ಯಾರಾದರೂ ಬಿಸಿನೀರು ಖಾಲಿ ಮಾಡಬೇಕು. ಹೊಸಪೇಟೆಯ ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಬಿಸಿನೀರಿನ ಜಳಕ! ಮಾವ ಮೊದಲ ದಿನ ತಾನೇ ನಾಲ್ಕು ಸಲ ಜಳಕ ಮಾಡಿ ಸಂಜೆಗೆ ಬೆಂದ ಬದನೆಕಾಯಿಯಾದ. ಎರಡನೆಯ ದಿನ ನನ್ನ ಕಡೆ ನೋಡಿದ. ನಾನು ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಓಡಿದೆ.

ಮೂರನೆಯ ದಿನ ಮಾವ ರಸ್ತೆಯ ಕಡೆ ನೋಡಿದ. ಅಲ್ಲಿ ಅದಿರಿನ ಲಾರಿಗಳ ಸಾಲು, ಇವತ್ತಿಲ್ಲದಿದ್ದರೆ ನಾಳೆ ಹೊರಟೀತು ಎಂಬಂತೆ ನಿಂತಿತ್ತು. ನೆರಳಲ್ಲಿ ಕೂತ ಡ್ರೈವರುಗಳು ತಲೆಯಿಂದ ಕಾಲಿನ ತನಕ ಕೆಂಪು. ಆ ಧೂಳು ಎಣ್ಣೆ ಬೆವರಿನ ಜೊತೆ ಸೇರಿ ಮೈಗೆ ಅಂಟಿಕೊಂಡರೆ ತಣ್ಣೀರಿಗೆ ಜಗ್ಗುವುದಿಲ್ಲ.

“ಬರ್ರಪಾ ಬರ್ರಿ! ಬಿಸಿನೀರು ಐತಿ! ಮಸ್ತ್ ಜಳಕ ಮಾಡ್ರಿ!” ಎಂದು ಮಾವ ರಸ್ತೆಯಲ್ಲಿ ನಿಂತು ಕೂಗಿದ. ಮೊದಮೊದಲು ಅವರು ಇದೇನೋ ಮೋಸ ಎಂದು ಹೆದರಿದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಸರತಿ ನಿಂತರು. ಒಬ್ಬ ತೆಲುಗಿನವನು ಜಳಕ ಮುಗಿಸಿ ಹೊರಬಂದಾಗ ಅವನ ಜೊತೆಯವರೇ ಗುರುತು ಹಿಡಿಯಲಿಲ್ಲ!

ಆ ಮಧ್ಯಾಹ್ನಗಳನ್ನು ನೆನೆದರೆ ನನಗೆ ಈಗಲೂ ಅರೆನಿದ್ದೆ ಬಂದಂತಾಗುತ್ತದೆ. ಬಚ್ಚಲಲ್ಲಿ ಯಾರೋ ತನ್ನ ಊರಿನ ಹಾಡು ಗುನುಗುತ್ತ ಮೈ ಉಜ್ಜುತ್ತಿದ್ದಾನೆ. ಕೆಂಪು ನೀರು ಸಣ್ಣ ಹೊಳೆಯಾಗಿ ಹಿತ್ತಲ ಬಾಳೆಗಿಡಗಳ ಕಡೆ ಹರಿಯುತ್ತಿದೆ. ಪೆಟ್ಟಿಗೆ ಗುಂಯ್ ಎನ್ನುತ್ತಿದೆ. ನಡುಮನೆಯಲ್ಲಿ ಬತ್ತಿ ಹೊಸೆಯುವ ಹೆಂಗಸರ ಮಾತು ಒಂದೊಂದಾಗಿ ಕಡಿಮೆಯಾಗಿ, ಬಳೆಗಳ ಸದ್ದು ಮಾತ್ರ ಉಳಿದು, ಅದೂ ನಿಲ್ಲುತ್ತದೆ. ತಂಪು ಗಾಳಿ ಎಲ್ಲರ ಕಣ್ಣಿನ ಮೇಲೆ ಮೆಲ್ಲಗೆ ಕೈಯಿಡುತ್ತದೆ. ಹೊರಗೆ ಬಿಸಿಲು, ಲಾರಿ, ಗಲಾಟೆ, ದುಡ್ಡು ಎಲ್ಲ ಯಾವುದೋ ದೂರದ ಊರಿನದು. ಬಚ್ಚಲಿಗೂ ನಡುಮನೆಗೂ ನಡುವಿನ ಬಾಗಿಲಲ್ಲಿ ಮಾವ ಗೋಡೆಗೆ ಒರಗಿ ನಿಂತು, “ಅಲ್ಲಿ ಬಿಸಿ, ಇಲ್ಲಿ ತಂಪು. ಒಂದ ಗಾಳಿ ನೋಡ್ಲೇ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅಷ್ಟು ಸುಖವಾದ ಮುಖವನ್ನು ಆ ವರ್ಷಗಳ ಹೊಸಪೇಟೆಯಲ್ಲಿ ಯಾವ ಕರಿ ಗಾಜಿನ ಕಾರಿನೊಳಗೂ ನಾನು ಕಾಣಲಿಲ್ಲ.

ಪೆಟ್ಟಿಗೆಗೂ ಧೂಳಿನ ಕಾಟ ತಪ್ಪಲಿಲ್ಲ. ಅತ್ತೆಯ ಹಳೆಯ ನೂಲಿನ ಸೀರೆ ಹರಿದು ಮಾವ ಪೆಟ್ಟಿಗೆಯ ಮೂಗಿಗೆ, ಅದು ಗಾಳಿ ಎಳೆದುಕೊಳ್ಳುವ ಕಡೆ, ಪರದೆ ಕಟ್ಟಿದ. ವಾರಕ್ಕೊಮ್ಮೆ ಬಿಚ್ಚಿ ಝಾಡಿಸಿದರೆ ನುಣ್ಣನೆಯ ಕೆಂಪು ಪುಡಿ ಉದುರುತ್ತಿತ್ತು. ಅತ್ತೆ ಅದನ್ನು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಏಕೆ ಎಂದರೆ, “ಇರ್ಲಿ ಬಿಡು, ಬರ್ತೈತಿ ಉಪಯೋಗಕ್ಕ,” ಎನ್ನುತ್ತಿದ್ದಳು.

ಇಷ್ಟಾದರೂ ಬೆಳಗಿನ ಒಲೆ ನಿಲ್ಲಲಿಲ್ಲ. ಅರ್ಧ ಜಿಲ್ಲೆಯ ಡ್ರೈವರುಗಳು ಪೆಟ್ಟಿಗೆಯ ನೀರಿನಲ್ಲಿ ಮಿಂದರು, ಯಾರಿಗಾಗಿ ತಂದನೋ ಅವಳು ಮಾತ್ರ ಮೀಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಇಬ್ಬರೂ ಒಪ್ಪಿದ್ದರು, ಭಕ್ತೆಯೇ ಒಪ್ಪಿರಲಿಲ್ಲ! ಮಳೆಗಾಲದಲ್ಲಿ ಅತ್ತೆಯ ದಮ್ಮು ಜಾಸ್ತಿಯಾಯಿತು. ಒಂದು ಬೆಳಿಗ್ಗೆ ನಾನು ಹೋದಾಗ ಅತ್ತೆ ಊದುಗೊಳವೆ ಕೆಳಗಿಟ್ಟು ಗೋಡೆ ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದಳು. ಮಾವ ಪೆಟ್ಟಿಗೆಯ ಮುಂದೆ ನಿಂತಿದ್ದ. “ಊರಿಗೆಲ್ಲ ಆದಿ. ಆಕಿಗೊಬ್ಬಾಕಿಗೆ ಆಗ್ಲಿಲ್ಲಲ್ಲೋ,” ಎಂದು ಅದಕ್ಕೆ ಹೇಳುತ್ತಿದ್ದ. ನನಗೆ ನಗು ಬರಲಿಲ್ಲ.

ದೀಪಾವಳಿ ಹತ್ತಿರ ಬಂತು. ನಮ್ಮಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಬೆಳಗಿನ ಜಾವ ಆ ನೀರಿನಲ್ಲಿ ಎಣ್ಣೆಸ್ನಾನ. ಆ ಸಂಜೆ ಅತ್ತೆ ತನ್ನ ತಾಮ್ರದ ಹಂಡೆಗೆ ನೀರು ತುಂಬಿ ಅಷ್ಟಕ್ಕೇ ಬಿಟ್ಟಳು. ಸುಣ್ಣದ ಬಟ್ಟಲು, ಕೆಂಪು ಪುಡಿಯ ಡಬ್ಬಿ ಹಿಡಿದು ಪೆಟ್ಟಿಗೆಯ ಮುಂದೆ ಬಂದು ನಿಂತಳು!

“ಯಾಕ ಹಂಗ ನೋಡ್ತೀರಿ?” ಎಂದಳು ಮಾವನಿಗೆ. “ಮಂದಿಗೆಲ್ಲ ಜಳಕ ಮಾಡ್ಸೈತಿ. ಪೂಜಿ ಮಾಡ್ಲಿಲ್ಲಂದ್ರ ಪಾಪ ಬರ್ತೈತಿ. ನಾಳೆ ಒಂದ ಸಲ ಇದರ ನೀರು ಹಾಕ್ಕೊಂಡು ನೋಡ್ತೀನಿ. ಬರೋಬ್ಬರಿ ಅನಸ್ಲಿಲ್ಲಂದ್ರ ಮತ್ತ ಈ ಮಾತು ತಗೀಬಾರ್ದು.”

ಪೆಟ್ಟಿಗೆ ತನ್ನ ಮೂಗಿನಿಂದಲೇ ಸೋಸಿದ ಸಂಡೂರಿನ ಕೆಂಪು ಅದರ ಮೈಮೇಲೆ ಪಟ್ಟೆಯಾಯಿತು. ನಡುವೆ ಸುಣ್ಣದ ಬಿಳಿ ಚುಕ್ಕಿ. ಹಳೆಯ ನೀರೆಲ್ಲ ಹೊರಗೆ ಬಿಟ್ಟು ಹೊಸ ನೀರು ತುಂಬಿದರು. ಅತ್ತೆ ಮೇಲಿಂದ ಕೆಳಗೆ ಬಳ್ಳಿ ಸುತ್ತಿದಳು, ಪ್ರೀತಿಯಿಂದ, ದಟ್ಟವಾಗಿ, ಒಂದು ಸುತ್ತೂ ಕಡಿಮೆಯಾಗದಂತೆ. ಮಾವ ಕೈಮುಗಿದು ನಿಂತಿದ್ದ. ಅವನಿಗೆ ಬಳ್ಳಿ ಕಾಣಲಿಲ್ಲ, ಅವಳ ಕೈ ಮಾತ್ರ ಕಾಣುತ್ತಿತ್ತು ಎಂದು ತೋರುತ್ತದೆ. ಇಲ್ಲದಿದ್ದರೆ ಅಂಥವನಿಗೆ ಹೊಳೆಯದೆ ಇರುತ್ತಿತ್ತೇ?

ಹಬ್ಬಕ್ಕೆಂದು ನಾನು ಅಲ್ಲೇ ಮಲಗಿದ್ದೆ. ಇನ್ನೂ ಕತ್ತಲಿರುವಾಗಲೇ ಮಾವ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದ. ಬ್ಯಾಟರಿ ಬೆಳಕು ಬಿಟ್ಟ. ಬಳ್ಳಿಯ ಎಲೆಗಳ ಹಿಂದೆ, ಹಬ್ಬಕ್ಕೆಂದು ಪರದೆ ಬಿಚ್ಚಿದ್ದ ಆ ತೆಳ್ಳನೆಯ ರೆಕ್ಕೆಗಳ ಮೇಲೆ, ಬೆಳ್ಳಗೆ ಏನೋ ಹೊಳೆಯುತ್ತಿತ್ತು. ಮುಟ್ಟಿದರೆ ಹಿಮ!

“ಹೊಸಪೇಟ್ಯಾಗ ಹಿಮ ಬಿದ್ದೈತಿ ನೋಡ್ಲೇ!” ಎಂದ ಮಾವ, ಆ ಗಳಿಗೆಯಲ್ಲೂ ಮೈಮರೆತು. ಮರುಕ್ಷಣ ಮುಖ ಬಿಳಿಚಿತು. ಬಳ್ಳಿ ಉಸಿರು ಕಟ್ಟಿಸಿತ್ತು. ಒಳಗೆ ಗಾಳಿ ಹೋಗದೆ ರೆಕ್ಕೆಗಳ ಮೇಲಿನ ನೀರಿನ ಪಸೆ ಹೆಪ್ಪುಗಟ್ಟಿ, ಪೆಟ್ಟಿಗೆ ಯಾವಾಗಲೋ ನಿಂತುಹೋಗಿತ್ತು. ಹೊಸ ನೀರು ತುಂಬಿದಂತೆಯೇ ತಣ್ಣಗಿತ್ತು. ಮುಂದಿನ ಬಾಗಿಲಲ್ಲಿ ರಂಗೋಲಿ ಹಾಕಲು ಅತ್ತೆ ನೆಲ ಗುಡಿಸುತ್ತಿರುವ ಸದ್ದು ಕೇಳುತ್ತಿತ್ತು.

“ಬಳ್ಳಿ ಕಿತ್ತು ಚಾಲೂ ಮಾಡೂಣಲ್ಲ, ಮಾಮಾ?”

“ಕಾಯಾಕ ಹೊತ್ತು ಹಿಡಿತೈತಿ. ಮತ್ತ ಬಳ್ಳಿ ಆಕಿ ಕೈಯಾರ ಕಟ್ಟಿದ್ದು. ನಿನ್ನ ಬಳ್ಳಿಯಿಂದ ಕೆಡ್ತು ಅಂತ ಹಬ್ಬದ ದಿನ ಹೆಂಗ ಹೇಳ್ಲಿ? ಮುಟ್ಟಬ್ಯಾಡ.”

ಹೀಗೆಂದವನು ಹೊಟ್ಟಿನ ಚೀಲ ಎಳೆದುಕೊಂಡು ಹಳೆಯ ಒಲೆಯ ಮುಂದೆ ಕೂತ. ಗಿರಣಿಯ ಯಜಮಾನ, ಜೀವಮಾನದಲ್ಲಿ ಬಚ್ಚಲ ಒಲೆ ಹಚ್ಚಿದವನಲ್ಲ! ಒಂದೇ ಸಲಕ್ಕೆ ಅರ್ಧ ಚೀಲ ಸುರಿದ. ಬೆಂಕಿ ಸತ್ತು ಬರೀ ಹೊಗೆ. ಊದುಗೊಳವೆಯಲ್ಲಿ ಊದುವ ಬದಲು ಎಳೆದುಕೊಂಡ. ಕೆಮ್ಮಿ ಕೆಮ್ಮಿ ಕಣ್ಣು ಕೆಂಡವಾಯಿತು. ಸದ್ದು ಒಳಗೆ ಕೇಳಬಾರದೆಂದು ಟವೆಲನ್ನು ಬಾಯಿಗೆ ತುರುಕಿಕೊಂಡ. ಅಂತೂ ಹಂಡೆ ಹಾಡತೊಡಗಿತು. ಬಕೆಟ್ಟುಗಳನ್ನು ತಾನೇ ಹೊತ್ತು ಬಚ್ಚಲಲ್ಲಿ ಇಟ್ಟ. “ಈ ವರ್ಷ ಮೊದಲ ನೀರು ನಿಂದ,” ಎಂದು ಅತ್ತೆಯನ್ನು ಕಳಿಸಿ, ಬಚ್ಚಲ ಬಾಗಿಲ ಹೊರಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತ.

ಅತ್ತೆ ಹೊರಬಂದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಗಂಡನ ಮುಖ ನೋಡಿದಳು. ಅವನ ಕಿವಿಯ ಹತ್ತಿರ ಮಸಿಯ ಗೆರೆ ಇತ್ತು.

“ಏನ್ರೀ, ನಿಮ್ಮ ಪೆಟ್ಟಿಗಿ ನೀರು ಥೇಟ್ ಬೆಂಕಿ ನೀರಿನಂಗ ಐತಿ! ಸುಮ್ನ ಇಷ್ಟು ದಿನ ಹಟ ಮಾಡಿದೆ. ನಾಳಿಂದ ಒಲಿ ಹಚ್ಚೂದಿಲ್ಲ.”

“ಮತ್ತ!” ಎಂದ ಮಾವ, ಮೀಸೆಯ ಮೇಲೆ ಕೈಯಿಟ್ಟು. “ಎಂಜಿನಿಯರಿಂಗ್ ಅಂದ್ರ ಏನಂತ ತಿಳ್ಕೊಂಡಿದ್ದಿ?”

ಆಡಿದ ಮಾತಿನಂತೆ ಅತ್ತೆ ಮತ್ತೆ ಒಲೆ ಹಚ್ಚಲಿಲ್ಲ. ಹಬ್ಬದ ಜಳಕ ಮುಗಿದ ಮೇಲೆ ಬಳ್ಳಿ ಬಿಚ್ಚಿದರು, ಪೆಟ್ಟಿಗೆ ಮತ್ತೆ ಗುಂಯ್ ಎಂದಿತು. ಹಂಡೆಯಲ್ಲಿ ಪುದೀನ ಬೆಳೆಯಿತು. ಚಳಿಗಾಲದಲ್ಲಿ ಅತ್ತೆಯ ಉಸಿರು ಹಗುರಾಯಿತು. ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ನಾವಿಬ್ಬರೇ ಕೊಳವೆಯ ಬಾಯಿಗೆ ಕೂತಿದ್ದಾಗ ನಾನು ತಡೆಯಲಾರದೆ, “ಅತ್ತಿ, ಅವತ್ತಿನ ನೀರು...” ಎಂದು ಶುರುಮಾಡಿದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಬಕೀಟಿನ್ಯಾಗ ಬೂದ್ಯಾಗಿನ ಹೊಟ್ಟು ತೇಲಾಕತ್ತಿತ್ತು,” ಎಂದಳು. “ಇಷ್ಟು ವರ್ಷ ಒಲಿ ಉರಿಸಿದಾಕಿಗೆ ಹೊಗಿ ವಾಸನಿ ತಿಳಿಯೂದಿಲ್ಲೇನವಾ?”

“ಮತ್ತ ಯಾಕ ಹಂಗ ಹೇಳಿದಿ?”

ಅತ್ತೆ ಬತ್ತಿಯನ್ನು ತಟ್ಟೆಗೆ ಹಾಕಿದಳು. “ದಮ್ಮು ಬರ್ತೈತಿ, ಒಲಿ ಬಿಡು ಅಂತ ಅವರು ಎಷ್ಟ್ ಸಲ ಹೇಳಿದ್ರು. ಕೆಮ್ಮು ನಂದು, ಇವರಿಗೇನಾಗ್ತೈತಿ ಅಂತ ನಾ ಕಿವಿಮ್ಯಾಲ ಹಾಕ್ಕೊಳ್ಳಿಲ್ಲ. ಅವತ್ತು ಒಳಗ ಎಣ್ಣಿ ಕಾಸಾಕತ್ತಿದ್ದೆ, ಹಿತ್ತಲದಾಗ ಅವರು ಕೆಮ್ಮೂದು ಕೇಳ್ತು. ನನ್ನ ಕೈ ನಿಂತು ಹೋತವಾ. ನಾ ಕೆಮ್ಮಿದಾಗೆಲ್ಲ ಅವರಿಗೆ ಹೆಂಗಾಗಿತ್ತು ಅಂತ ಅವತ್ತ ತಿಳೀತು ನನಗ.”

ಅತ್ತೆ ಇನ್ನೊಂದು ಎಳೆ ಹತ್ತಿ ಎತ್ತಿಕೊಂಡಳು.

“ಅವರ ಮುಂದ ಹೇಳಬ್ಯಾಡ. ಪೆಟ್ಟಿಗಿ ಗೆದ್ದೈತಂತ ತಿಳ್ಕೊಂಡು ಸುಖವಾಗಿ ಅದಾರ.”

ಅಷ್ಟರಲ್ಲಿ ಪೆಟ್ಟಿಗೆ ಟಕ್ ಎಂದು ನಿಂತಿತು. ನೀರು ಕಾದಿತ್ತು. ಹೊರಗೆ ರಸ್ತೆಯಲ್ಲಿ ಮಾವ ಡ್ರೈವರುಗಳನ್ನು ಕೂಗುವುದು ಕೇಳಿಸಿತು. ಅತ್ತೆ ಎದ್ದು, ಕಿಟಕಿಯ ಹತ್ತಿರ ಹೋಗಿ ನೋಡಿ, “ಬಿಸಲಾಗ ಯಾಕ ಒದರ್ತೀರಿ? ಬರ್ರಿ ಒಳಗ. ಈ ಸಲದ ನೀರು ನಾನ ಹಾಕ್ಕೋತೀನಿ,” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದಳು. ಮೇ ತಿಂಗಳ ಮಟಮಟ ಮಧ್ಯಾಹ್ನ ಅದು!